‘ಹೋಗಿ ಬರ್ತೀವಿ’ ಎಂದವರಿಗೆ ಮನೆ ಇಲ್ಲ

ಬಾಡಿಗೆಗೆ ಮಿತಿ ಇರುವ ಫ್ಲಾಟುಗಳನ್ನು ಹಂಚುವ ಮಾನ್ಯರೇ,

ಗುಣವತಿ ಅಕ್ಕನಿಗೆ ಸಿಗಬೇಕಿದ್ದ ಫ್ಲಾಟನ್ನು ನೀವು ತಪ್ಪಿಸಿದಿರಿ. ಅವರು ಬಾಡಿಗೆ ಬಾಕಿ ಉಳಿಸಿಕೊಂಡವರಲ್ಲ, ಸುಳ್ಳು ದಾಖಲೆ ಕೊಟ್ಟವರಲ್ಲ. ಮನೆ ನೋಡಿ ಹೊರಡುವಾಗ ನಿಮಗೆ ಮರ್ಯಾದೆಯಿಂದ ಒಂದು ಮಾತು ಹೇಳಿದರು. ಅಷ್ಟೇ ಅಪರಾಧ.

ನಾನು ನಿಮ್ಮ ದೊಡ್ಡ ಫ್ಯಾನ್ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಅಗ್ಗದ ಬಾಡಿಗೆಯ ಮನೆ ಪಡೆಯುವುದು ಹೇಗೆ ಎಂದು ನೀವು ಆನ್‌ಲೈನಿನಲ್ಲಿ ನಡೆಸುವ ಲೈವ್‌ಗಳಲ್ಲಿ ಒಂದನ್ನೂ ಬಿಟ್ಟವಳಲ್ಲ. ನೀವು ಬಾಯಿ ತೆರೆದರೆ ಸಾಕು, ನಮ್ಮ ‘ಲಂಡನ್ ಮನೆ ಹುಡುಕು’ ವಾಟ್ಸಾಪ್ ಗ್ರೂಪಿನಲ್ಲಿ ಅದು ಕನ್ನಡಕ್ಕೆ ಅನುವಾದವಾಗಿ ಬಂದು ಬೀಳುತ್ತಿತ್ತು, ಪಕ್ಕದಲ್ಲಿ ಬೆಂಕಿಯ ಇಮೋಜಿ ಬೇರೆ. ಯಾವ ಜಾಹೀರಾತು ನಿಜ, ಯಾವುದು ಮೋಸ, ಒಳಗೆ ಕಾಲಿಟ್ಟ ಮೇಲೆ ಯಾವ ಗೋಡೆ ಮುಟ್ಟಿ ನೋಡಬೇಕು, ಎಲ್ಲ ನಿಮ್ಮಿಂದಲೇ ಕಲಿತದ್ದು. ಎಂಥ ಮಾತಾಡಿದರೆ ಕೈಗೆ ಬಂದ ಮನೆ ತಪ್ಪುತ್ತದೆ ಎಂಬುದನ್ನು ಮಾತ್ರ ನೀವು ಕಲಿಸಿರಲಿಲ್ಲ. ಆ ಪಾಠವನ್ನು ಅಕ್ಕನ ಮೇಲೆ ಪ್ರಯೋಗಿಸಿಯೇ ತೋರಿಸಿದಿರಿ. ಎಂಥ ಗುರುಗಳು!

ಅಕ್ಕ ಕುಂದಾಪುರದವರು, ನಮ್ಮ ಮನೆಮಂದಿಗೆಲ್ಲ ಬಹಳ ಬೇಕಾದವರು. ಅವರೂ ಗಂಡ ಭೋಜಣ್ಣನೂ ಕಿಂಗ್ಸ್‌ಬರಿಯ ಹೋಟೆಲೊಂದರ ಅಡುಗೆಮನೆಯಲ್ಲಿ ದುಡಿಯುತ್ತಾರೆ. ಈ ದೇಶದಲ್ಲಿ ಕಾಯಂ ಆಗಿ ಇರುವ ಹಕ್ಕು ಸಿಕ್ಕಿ ವರ್ಷಗಳಾದವು. ಮಗಳು ಸಾನ್ವಿಗೆ ಆಸ್ತಮಾ. ಅವರಿರುವ ಬಾಡಿಗೆ ಕೋಣೆಯ ಗೋಡೆಗೆ ಬೂಸ್ಟು. ಉಜ್ಜಿದರೆ ಹೋಗುತ್ತದೆ, ಮೋಡ ಕವಿದರೆ ಮತ್ತೆ ಹಾಜರು. ಕಳೆದ ಚಳಿಗಾಲದಲ್ಲಿ ಹುಡುಗಿಯನ್ನು ಆಸ್ಪತ್ರೆಗೇ ಸೇರಿಸಬೇಕಾಯಿತು. ಇವಳನ್ನು ಇನ್ನು ಆ ಕೋಣೆಯಲ್ಲಿ ಮಲಗಿಸಬೇಡಿ ಎಂದರು ಜಿಪಿ ಡಾಕ್ಟರು. ಅದಕ್ಕಾಗಿಯೇ ಎಜ್‌ವೇರ್‌ನ ಆ ಒಣಗೋಡೆಯ ಫ್ಲಾಟು ಬೇಕಿತ್ತು. ಅಕ್ಕನ ಸರದಿ ಬಂತು. ದಾಖಲೆಗಳೆಲ್ಲ ಸರಿ ಇವೆ ಎಂದು ನೀವೇ ಹೇಳಿದಿರಿ, ನೀವೇ ಬಂದು ಮನೆ ತೋರಿಸಿದಿರಿ.

ಇಲ್ಲೇ ಕಾಯಂ ವಾಸ ಇರಬೇಕು, ಬೇರೆಲ್ಲೋ ಇದ್ದುಕೊಂಡು ಇದನ್ನು ಇಟ್ಟುಕೊಳ್ಳುವಂತಿಲ್ಲ ಎಂದು ನೀವು ಹೇಳಿದಾಗ ಅಕ್ಕ ತಲೆಯಾಡಿಸಿದರು. ಹೊರಡುವಾಗ ಕೈ ಮುಗಿದು, ತಮಗೆ ಬರುವ ಇಂಗ್ಲಿಷಿನಲ್ಲಿ, “ಓಕೆ ಸರ್, ವಿ ವಿಲ್ ಗೋ ಅಂಡ್ ಕಮ್” ಎಂದರು. ಕೆಲವೇ ದಿನಗಳಲ್ಲಿ, ಫ್ಲಾಟು ನಿಮಗಿಲ್ಲ ಎಂಬ ಉತ್ತರ ಬಂತು. ಕಾರಣ ಕೇಳಲು ನಿಮಗೆ ಫೋನ್ ಮಾಡಿದವಳು ನಾನೇ. ನೆನಪಿದೆಯೇ?

“ಅವರೇ ಒಪ್ಕೊಂಡಿದ್ದಾರಲ್ಲ, ಹೋಗ್ತಾ ಬರ್ತಾ ಇರ್ತೀವಿ ಅಂತ,” ಎಂದಿರಿ ನಿಮ್ಮ ಇಂಗ್ಲಿಷಿನಲ್ಲಿ. “ಇದು ಇಂಡಿಯಾಕ್ಕೆ ಹೋಗಿ ಬಂದು ಮಾಡೋರಿಗೆ ಕೊಡೋ ಫ್ಲಾಟಲ್ಲ.”

“ಸರ್, ಅದು ನಮ್ಮಲ್ಲಿ ಬಾಯ್ ಹೇಳೋ ರೀತಿ!” ಎಂದೆ ನಾನು.

“ಹಾಗಿದ್ರೆ ಬಾಯ್ ಅಂತಲೇ ಹೇಳಬೇಕಿತ್ತು.”

ಭಲೇ! ಈ ಮಹಾನಗರದಲ್ಲಿ ಖಾಲಿ ಫ್ಲಾಟುಗಳನ್ನು ಇಟ್ಟುಕೊಂಡು ಮಜಾ ಮಾಡುವವರು ಒಬ್ಬರೂ ನಿಮ್ಮ ಕಣ್ಣಿಗೆ ಬೀಳಲಿಲ್ಲ. ದೋಸೆ ಹುಯ್ಯುವ ಹೆಂಗಸಿನ ನಮಸ್ಕಾರದಲ್ಲಿ ಸಂಚು ಹಿಡಿದಿರಿ. ಮಾನ್ಯರೇ, ಕನ್ನಡದಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ಹಾಗೆಂದರೆ ಮತ್ತೆ ಬಾರದ ಹಾಗೆ ಹೋದಂತೆ. ಆಗ ಎದುರಿಗಿದ್ದ ಹಿರಿಯರು ‘ಬಿಡ್ತು ಅನ್ನು’ ಎಂದು ಗದರುತ್ತಾರೆ. ಹೋಗಿ ಬರ್ತೀನಿ ಎಂದರೆ ನಿಮ್ಮ ನಂಟು ಬೇಕು ಎಂದರ್ಥ. ಅಕ್ಕ ನಿಮ್ಮ ನಂಟು ಬಯಸಿದರು. ತಪ್ಪಾಯಿತು ಬಿಡಿ.

ಇನ್ನು ನಿಮ್ಮ ಅಳತೆಗೋಲನ್ನೇ ಹಿಡಿಯೋಣ. ನಮ್ಮ ಬೀದಿಯ ಅಂಗಡಿಯಲ್ಲಿ ಬಿಲ್ ಮಾಡುವಾಕೆ ದಿನಾ ನನಗೆ “ಸೀ ಯೂ ಲೇಟರ್” ಅನ್ನುತ್ತಾಳೆ. ಒಂದು ದಿನವೂ ನಮ್ಮ ಮನೆಗೆ ಬಂದಿಲ್ಲ. ವಂಚನೆಯೇ? ಆ ಕರೆ ಮುಗಿಸುವಾಗ ನೀವೇ “ಸ್ಪೀಕ್ ಸೂನ್” ಎಂದಿರಿ. ಆಮೇಲೆ ನನ್ನ ಒಂದು ಮೇಲ್‌ಗೂ ಉತ್ತರವಿಲ್ಲ. ಅಧಿಕಾರಿ ಸುಳ್ಳು ಹೇಳಿಕೆ ಕೊಟ್ಟರು ಎಂದು ನಿಮ್ಮ ಮನೆಯನ್ನೂ ಬೇರೆಯವರಿಗೆ ಹಂಚಿಬಿಡೋಣವೇ?

ಈ ಸುದ್ದಿ ಗ್ರೂಪಿಗೆ ಬಿದ್ದದ್ದೇ ತಡ, ಧಾರವಾಡದಿಂದ ಬಂದು ಇಲ್ಫರ್ಡಿನಲ್ಲಿ ನೆಲೆಸಿರುವ ಕಲ್ಲಯ್ಯ ಅಂಕಲ್ ವಾಯ್ಸ್ ನೋಟ್ ಕಳಿಸಿದರು: “ನಾವು ಬರೇ ‘ಬರ್ತೀನ್ರಿ’ ಅಂತೀವಿ ನೋಡವಾ. ನಾ ಹಂಗಂದಿದ್ರ ಆ ಸಾಹೇಬ, ‘ಇಂವಾ ಇಲ್ಲೇ ನಿಂತಾನ, ಮತ್ತೆಲ್ಲಿಂದ ಬರ್ತಾನ?’ ಅಂತ ಪೊಲೀಸ್ರನ್ನ ಕರೀತಿದ್ದ!” ಎಲ್ಲರೂ ನಕ್ಕೆವು. ಅಕ್ಕ ಗ್ರೂಪ್ ಬಿಟ್ಟುಹೋದರು.

ಓಡಿಹೋಗಿ ನೋಡಿದರೆ ಅಕ್ಕ ಗೋಡೆ ಉಜ್ಜುತ್ತಿದ್ದರು. “ಹೋತೆ ಅಂದೇಳಿ ಹೇಳುಕಾತ್ತಾ ಹೆಣೆ?” ಎಂದು ನನ್ನನ್ನೇ ಕೇಳಿದರು, ‘ಹೋಗ್ತೀನಿ’ ಅನ್ನಲಾದೀತೇ ಎಂದು. “ಹೊಸ ಮನಿ ಕಂಡ್ಕಂಡ್ ಬಪ್ಪತಿಗೆ ಅಪಶಕುನ ಅಲ್ದಾ?”

“ನೀ ಬಾಯಿ ಮುಚ್ಕಂಡ್ ತಲಿ ಆಡ್ಸಿದ್ರ್ ಸಾಕಿದ್ದಿತ್,” ಎಂದರು ಭೋಜಣ್ಣ, ಅವರತ್ತ ನೋಡದೆ.

ಅಂದಿನಿಂದ ಅಕ್ಕ ಹೊರಗಿನವರ ಮುಂದೆ ಬಾಯಿ ತೆರೆಯುತ್ತಿಲ್ಲ. ಅಂಗಡಿಯಲ್ಲೂ ಬೆರಳು ತೋರಿಸಿ ಸಾಮಾನು ಕೊಳ್ಳುತ್ತಾರೆ. ಒಬ್ಬ ಹೆಂಗಸನ್ನು ಒಂದೇ ಉತ್ತರದಲ್ಲಿ ಮೂಕಿ ಮಾಡಿದ್ದೀರಿ. ಅಭಿನಂದನೆಗಳು, ಇದರ ಮೇಲೂ ಒಂದು ಲೈವ್ ಮಾಡಿ.

ಸಾನ್ವಿ ಈಗ ಎಜ್‌ವೇರ್‌ನ ನನ್ನ ಕೋಣೆಯಲ್ಲಿ ಮಲಗುತ್ತಾಳೆ. ಅಕ್ಕ ಕೆಲಸ ಮುಗಿಸಿ ಬಸ್ಸು ಹಿಡಿದು ಬರುತ್ತಾರೆ, ಮಗಳ ತಲೆ ಬಾಚಿ ಜಡೆ ಹೆಣೆಯುತ್ತಾರೆ, ‘ಹೋಗಿ ಬರ್ತೀನಿ’ ಎನ್ನದೆ ಚಪ್ಪಲಿ ಮೆಟ್ಟಿ ಹೊರಟುಬಿಡುತ್ತಾರೆ. “ಅಮ್ಮ ಈಸ್ ಆಂಗ್ರಿ ವಿತ್ ಮಿ?” ಎಂದು ಮೊನ್ನೆ ಸಾನ್ವಿ ಕೇಳಿದಳು. ಇದಕ್ಕೆ ನಿಮ್ಮ ಕಚೇರಿಯಿಂದ ಉತ್ತರ ಕೊಡುವವರು ಯಾರು?

ಆ ಫ್ಲಾಟು ಇನ್ನೂ ಖಾಲಿ ಇದೆ, ಕಿಟಕಿಗೆ ಪರದೆ ಬಂದಿಲ್ಲ. ಬೇರೆ ಯಾರಿಗಾದರೂ ಬೀಗದಕೈ ಕೊಡುವ ಮೊದಲು ಅಕ್ಕನನ್ನು ಮತ್ತೆ ಕರೆಸಿ. ಪಕ್ಕದಲ್ಲಿ ಕನ್ನಡ ಬಲ್ಲವರನ್ನು ಕೂರಿಸಿಕೊಂಡು ಒಂದೇ ಪ್ರಶ್ನೆ ಕೇಳಿ: ಇಲ್ಲಿ ವಾಸ ಮಾಡುತ್ತೀರಾ? ಕೇಳಿದ ಮೇಲೆ ಸುಮ್ಮನೆ ಕಾಯಿರಿ. ಅವರ ಬಾಯಿಂದ ಮಾತು ಹೊರಡಲು ಸ್ವಲ್ಪ ಹೊತ್ತು ಹಿಡಿಯಬಹುದು. ಹೆದರಿಸಿದವರು ನೀವೇ ತಾನೇ?

ಇಂತಿ,
ಸಾನ್ವಿಗೆ ಹಾಸಿಗೆ ಬಿಟ್ಟುಕೊಟ್ಟು ನೆಲದ ಮೇಲೆ ಮಲಗುವ,
ಪ್ರೇಕ್ಷಾ
ಎಜ್‌ವೇರ್