ಹಾರನಹಳ್ಳಿ ಬಸ್ಸಿಗೆ ಒಬ್ಬಳೇ

ಶಿವಲೀಲಾ,

ನೀನು ಸ್ನಾನಕ್ಕೆ ಹೋದ ಹೊತ್ತು ನೋಡಿ ಹೊರಟಿದ್ದೇನೆ. ಎದುರಿಗೆ ಹೇಳಿದರೆ ಬಿಡುವವಳಲ್ಲ ನೀನು. ಒಂಬತ್ತೂವರೆ ಬಸ್ಸಿಗೆ ಹಾರನಹಳ್ಳಿಗೆ ಹೋಗಿ ನಿನ್ನ ದೊಡ್ಡಮ್ಮನನ್ನು ಮಾತಾಡಿಸಿಕೊಂಡು ಬರುತ್ತೇನೆ.

ಹಾಲು ಕಾಯಿಸಿದ್ದೇನೆ. ಒಲೆ ಆರಿಸಿ ಎರಡು ಸಲ ನೋಡಿದ್ದೇನೆ. ಮಾತ್ರೆ ನುಂಗಿದೆ. ತೆಂಗಿನಕಾಯಿ ಮುಟ್ಟಬೇಡ, ಬಂದು ನಾನೇ ತುರಿಯುತ್ತೇನೆ. ನೀನು ಬಂದಾಗಿನಿಂದ "ನೀನ್ ಸುಮ್ನೆ ಕೂತ್ಕೊಳಮ್ಮ" ಅನ್ನುವುದೊಂದೇ ಮಾತು. ಎಂಟು ವರ್ಷ ಒಬ್ಬಳೇ ಮನೆ ನಡೆಸಿದವಳಿಗೆ ಕೈಗೊಂದು ಕೆಲಸವಿಲ್ಲ.

ಮೊನ್ನೆ ಮಾರುಕಟ್ಟೆಯಿಂದ ಬರುವಾಗ ನಮ್ಮ ಬೀದಿಯೇ ಗುರುತು ಸಿಗದೆ ನಿಂತುಬಿಟ್ಟೆ, ನಿಜ. ಹೂ ಮಾರುವ ಜಯಮ್ಮ "ಯಾಕಜ್ಜಿ ನಿಂತ್ಕಂಡ್ರಿ? ನಿಮ್ಮನೆ ಇಲ್ಲೇ ಐತಲ್ಲ" ಎಂದು ಕೈಹಿಡಿದು ಕರೆತಂದಳು. ಅಂದಿನಿಂದ ಬಾಗಿಲಿಗೆ ಬೀಗ ಹಾಕಿ, ಬೀಗದಕೈ ದಿಂಬಿನಡಿ ಇಟ್ಟುಕೊಳ್ಳುತ್ತೀಯ. ಅದನ್ನು ತೆಗೆದದ್ದು ನಾನೇ. ಈ ಚೀಟಿಯ ಪಕ್ಕದಲ್ಲೇ ಇಟ್ಟಿದ್ದೇನೆ.

ನನಗೆ ಭಯವಿಲ್ಲ ಅಂದುಕೊಂಡೆಯಾ? ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು ಅನ್ನಿಸುತ್ತದೆ. ಹೀಗೆ ಒಳಗೇ ಕೂತರೆ ಗೊತ್ತಿರುವ ದಾರಿಗಳೂ ಮರೆತುಹೋಗುತ್ತವೆ ಕಣೇ. ನಾಳೆ ಡಾಕ್ಟರ ಹತ್ತಿರ ಬರುತ್ತೇನೆ, ನಡೆದದ್ದನ್ನೆಲ್ಲ ನಾನೇ ಹೇಳುತ್ತೇನೆ. ಇವತ್ತೊಂದು ದಿನ ಬಿಡು.

ಫೋನು ಜೊತೆಗಿದೆ. ಹತ್ತು ನಿಮಿಷಕ್ಕೊಮ್ಮೆ ಮಾಡಬೇಡ. ದೊಡ್ಡಮ್ಮನ ಮನೆ ಸೇರಿದ ಕೂಡಲೇ ನಾನೇ ಮಾಡುತ್ತೇನೆ.

ಎರಡು ಗಂಟೆಗೆ ಅರಸೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಇಳಿಯುತ್ತೇನೆ. ಬೇಕಾದರೆ ಬಾ. ಆದರೆ ಕೈ ಹಿಡಿಯಬೇಡ, ಹಿಂದೆ ಸ್ವಲ್ಪ ದೂರದಲ್ಲಿ ನಡೆದುಬಾ. ನಾನು ಬೇರೆ ಬೀದಿಗೆ ತಿರುಗಿದರೆ ಮಾತ್ರ ಕೂಗು.

ಅಮ್ಮ