ಅಪ್ಪನ ಹೆಸರಿನಲ್ಲಿ ಎರಡು ಸ್ಟ್ಯಾಂಡು

ಇಲಿಂಕಾ,

ಗ್ಯಾರೇಜಿನ ಗೆಲು ಮೇಸ್ತ್ರಿ ಟೋಪಿ ಕೈಯಲ್ಲಿ ಹಿಡಿದು ನಮ್ಮ ಗೇಟಿನ ಬಳಿ ನಿಂತ ದಿನ, ಜಾಕಿ ಜಾರಿ ಕಾರು ನಿನ್ನ ಅಪ್ಪನ ಮೇಲೆ ಕೂತಿತೆಂದು ಅವನು ಹೇಳುವ ಮೊದಲೇ ನನಗೆ ತಿಳಿದುಹೋಯಿತು.

ನನ್ನ ಮಗ ತೀರಿಕೊಂಡು ಇಂದಿಗೆ ನಲವತ್ತನೆಯ ದಿನ. ಬೇಯಿಸಿದ ಸಿಹಿಗೋಧಿ ಎತ್ತಿಕೊಂಡು ಇಗರ್ಜಿಗೆ ಹೊರಟಿದ್ದೇನೆ. ನಿನ್ನನ್ನು ಎಬ್ಬಿಸಲಿಲ್ಲ, ಅದೇ ಗ್ಯಾರೇಜಿನಲ್ಲಿ ಕೆಲಸ ಕಲಿಯಲು ಸೇರಿದ ವಾರವೇ ರಜೆ ಕೇಳಿದರೆ ಮೇಸ್ತ್ರಿ ಗೊಣಗುತ್ತಾನೆ. ಎಲೆಕೋಸಿನ ಸುರುಳಿ ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ತಿನ್ನು.

ನಿನ್ನೆ ಬುತ್ತಿ ಕೊಡಲು ಗ್ಯಾರೇಜಿಗೆ ಬಂದಾಗ ಕಾರಿನಡಿಯಿಂದ ನಿನ್ನ ಅಪ್ಪನ ಬೂಟುಗಳು ಹೊರಚಾಚಿದ್ದವು. ಅವನ್ನು ಈಗ ನೀನು ಹಾಕಿಕೊಳ್ಳುತ್ತೀಯೆಂಬುದು ಮರೆತು "ತೂದೊರೆಲ್" ಎಂದು ಕೂಗಿದೆ.

"ಒಂದೇ ನಿಮಿಷ ತಡಿ ಅಜ್ಜಿ" ಎಂದು ಒಳಗಿನಿಂದ ನಿನ್ನ ದನಿ ಬಂತು. ಅವನೂ ಹಾಗೆಯೇ ಅನ್ನುತ್ತಿದ್ದ.

ಬಗ್ಗಿ ನೋಡಿದರೆ ಬರೀ ಜಾಕಿ, ಅದು ಜಾರಿದರೆ ಕಾರನ್ನು ಹೊರಲು ಸ್ಟ್ಯಾಂಡ್ ಇಲ್ಲ. ಕೇಳಿದ್ದಕ್ಕೆ, "ಸ್ಟ್ಯಾಂಡ್ ತಂದು ಇಡೋಷ್ಟ್ರಲ್ಲಿ ಕೆಲಸಾನೇ ಮುಗಿದುಹೋಗತ್ತೆ" ಎಂದು ನಕ್ಕುಬಿಟ್ಟೆಯಲ್ಲ. ಆ ಬೂಟುಗಳು ಇನ್ನೂ ನನ್ನ ಕಣ್ಣ ಮುಂದಿನಿಂದ ಸರಿದಿಲ್ಲ.

ಬಾಗಿಲ ಹಿಂದೆ ಎರಡು ಕಬ್ಬಿಣದ ಸ್ಟ್ಯಾಂಡುಗಳಿವೆ. ಒಂದೊಂದಕ್ಕೂ ಟವೆಲು, ಮೇಣದಬತ್ತಿ ಕಟ್ಟಿದ್ದೇನೆ. ಸತ್ತವನ ಹೆಸರಿನಲ್ಲಿ ಇಲ್ಲಿ ಕೊಟ್ಟದ್ದು ಅಲ್ಲಿ ಅವನ ಕೈ ಸೇರುತ್ತದೆ. ಬೇರೆಯವರು ಬಟ್ಟಲು, ಹೊದಿಕೆ ಕೊಡುತ್ತಾರೆ. ನಾನು ನಿನಗೆ ಇವನ್ನು ಕೊಡುತ್ತಿದ್ದೇನೆ. ಬತ್ತಿ ಹಚ್ಚಿ, "ದೇವರು ಸ್ವೀಕರಿಸಲಿ" ಎಂದು ಹೇಳಿ ತೆಗೆದುಕೊ. ಮೂಲೆಯಲ್ಲಿಟ್ಟರೆ ಅವನಿಗೆ ಮುಟ್ಟುವುದಿಲ್ಲ. ನೀನು ಇವನ್ನು ಕಾರಿನಡಿ ಇಟ್ಟಾಗಲೆಲ್ಲ ಅಲ್ಲಿ ಅವನ ಮೇಲಿನ ಭಾರ ಏಳುತ್ತದೆ.

ದೇವರೇ, ನನ್ನ ತೂದೊರೆಲನ ಎದೆ ಹಗುರ ಮಾಡು, ಅವನು ನೆಮ್ಮದಿಯಿಂದ ಮಲಗಲಿ.