ಮುಂದೆ ನಡೆಯುವ ನಾಯಿಗೆ ಬೆಲ್ಟು ಹಾಕಿಸಹೊರಟವರಿಗೆ

ಸಂತೆಗೆ ಪರವಾನಗಿ ಕೊಡುವ, ಕೊಟ್ಟದ್ದನ್ನು ಕಿತ್ತುಕೊಳ್ಳುವ ಅಧಿಕಾರವೂ ಇರುವ ಮಾನ್ಯರೇ,

ನಿಮ್ಮ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿದ ಹೆಂಗಸೊಬ್ಬಳು ಸೊಂಟದ ಮೂಳೆ ಮುರಿದುಕೊಂಡು ಹಾಸನದ ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ಹೆಸರು ಜಗದಾಂಬ, ಬಾಳೆನಾರಿನಲ್ಲಿ ಚೀಲ ಹೆಣೆಯುವವಳು. ಮೂಳೆ ಮುರಿದದ್ದು ಕಾಡಾನೆಯ ದೆಸೆಯಿಂದ, ಆದೇಶದಿಂದಲ್ಲ ಎಂದು ನೀವು ಹೇಳಬಹುದು. ಈ ಪತ್ರ ಪೂರ್ತಿ ಓದಿದ ಮೇಲೂ ಹಾಗೇ ಅನ್ನಿಸಿದರೆ ಧಾರಾಳವಾಗಿ ಹೇಳಿ.

ನಮ್ಮದು ಯಾವ ಇಲಾಖೆಯೂ ಹುಟ್ಟುಹಾಕಿದ ಸಂತೆಯಲ್ಲ. ಹೊಂಗಡಹಳ್ಳದ ಆಚೆ, ಬಿಸಿಲೆ ರಸ್ತೆಗೆ ಅಂಟಿಕೊಂಡ ಎಸ್ಟೇಟೊಂದರ ಕಾಫಿ ಕಣ, ಕೊಯ್ಲು ಮುಗಿದ ಮೇಲೆ ಖಾಲಿ ಬಿದ್ದಿರುತ್ತದೆ. ತಿಂಗಳಿಗೊಂದು ಭಾನುವಾರ ನಾವು ಕೈಕೆಲಸದವರು ಅಲ್ಲಿ ಮೇಜು ಹಾಕಿಕೊಳ್ಳುತ್ತೇವೆ. ಕಿತ್ತೆಸೆದ ಹಳೆಯ ಕಾಫಿ ಗಿಡದ ಬೊಡ್ಡೆಯಲ್ಲಿ ನನ್ನ ಗಂಡ ಕ್ಯಾಸ್ಮಿರ್ ಸೌಟು ಕೆತ್ತುತ್ತಾರೆ, ನಾನು ಮಾರುತ್ತೇನೆ. ಪಕ್ಕದ ಮೇಜು ಜಗದಾಂಬಳದು. ಘಾಟಿ ನೋಡಲು ಹೊರಟವರು ಕಾರು ನಿಲ್ಲಿಸಿ ಕೊಳ್ಳುತ್ತಾರೆ. ಅವರ ಜೊತೆ ಅವರ ನಾಯಿಗಳು ಬರುತ್ತವೆ, ನಮ್ಮ ಜೊತೆ ನಮ್ಮವು. ಅವು ಕಾರಿನಲ್ಲಿ ಬರುತ್ತವೆ, ಇವು ನಡೆದು ಬರುತ್ತವೆ.

ಎರಡು ಸಂತೆಯ ಹಿಂದೆ ನಡೆದದ್ದನ್ನು ನೀವೂ ಕಣ್ಣಾರೆ ಕಂಡಿರಿ. ಪ್ರವಾಸಿಯೊಬ್ಬರ ದೊಡ್ಡ ನಾಯಿ ಬೆಲ್ಟು ಜಗ್ಗಿಕೊಂಡು ನುಗ್ಗಿ ನನ್ನ ಮೇಜು ಬೀಳಿಸಿತು. ಸೌಟುಗಳೆಲ್ಲ ಕಣದ ತುಂಬ ಚೆಲ್ಲಾಪಿಲ್ಲಿ. ಜಗದಾಂಬಳ ಮೇಜಿನ ಕೆಳಗೆ ಮಲಗಿದ್ದ ಅವಳ ನಾಯಿ ಬೂದ ಎದ್ದು ನಿಂತಿತು. ಅಷ್ಟೇ. ಬೊಗಳಲಿಲ್ಲ, ಹಲ್ಲೂ ಕಿರಿಯಲಿಲ್ಲ. ಅದನ್ನೇ ನೋಡುತ್ತಾ ನೀವು ಕೇಳಿದಿರಿ, "ಇವು ಯಾಕ್ರೀ ಬೊಗಳೋದೇ ಇಲ್ಲ?"

"ಬೊಗಳೋ ನಾಯಿನ ಮನೇಲೇ ಬಿಟ್ಟು ಬರ್ತಾರೆ ಸಾರ್," ಅಂದರು ಕ್ಯಾಸ್ಮಿರ್.

"ಬೊಗಳೋ ನಾಯಿ ಕಚ್ಚಲ್ಲ ಅಂತಾರೆ. ಇವನ್ನ ನೋಡಿದ್ರೆ ನನಗೇ ಭಯ ಆಗುತ್ತೆ," ಎಂದು ನಕ್ಕು ಜೀಪು ಹತ್ತಿದಿರಿ. ನಾವೂ ನಕ್ಕೆವು. ಸಾಹೇಬರ ತಮಾಷೆಗೆ ನಗದೆ ಇರುವುದುಂಟೆ? ಅದು ಮುಂದೆ ಆದೇಶವಾಗಿ ಬರುತ್ತದೆಂದು ನಮಗೇನು ಗೊತ್ತು? ಸಂತೆಯ ಆವರಣಕ್ಕೂ ಅಲ್ಲಿಗೆ ಬರುವ ದಾರಿಗೂ ಮಾಲೀಕರು ಬೆಲ್ಟು ಹಿಡಿದು ತಂದ ನಾಯಿಗಳಿಗೆ ಮಾತ್ರ ಪ್ರವೇಶ, ಮಿಕ್ಕವು ಕಂಡರೆ ಪರವಾನಗಿ ರದ್ದು! ಮೇಜು ಬೀಳಿಸಿದ ನಾಯಿಗೆ ಹೀಗೆ ಸ್ವಾಗತ ಸಿಕ್ಕಿತು. ಎದ್ದು ನಿಂತದ್ದಕ್ಕೆ ಶಿಕ್ಷೆಯಾಯಿತು.

ಇಲ್ಲಿನವರು ನಾಯಿಯನ್ನು ಸಂತೆಗೆ ಶೋಕಿಗೆ ತರುವುದಿಲ್ಲ ಮಾನ್ಯರೇ. ಭಾನುವಾರ ಬೆಳಗ್ಗೆ ಆ ಕಡೆಗೆ ಬಸ್ಸಿಲ್ಲ. ಮೂಟೆ ಹೊತ್ತ ಹೆಂಗಸರು ಎಸ್ಟೇಟಿನ ಒಳದಾರಿಯಲ್ಲಿ ನಡೆದೇ ಬರಬೇಕು. ಆ ದಾರಿ ಆನೆಗಳದ್ದೂ ಹೌದು. ಆನೆ ಕಂಡು ಬೊಗಳುವ ನಾಯಿ ಅದನ್ನು ರೇಗಿಸಿ, ಕೊನೆಗೆ ಹೆದರಿ ಯಜಮಾನನ ಕಾಲಬುಡಕ್ಕೇ ಓಡಿ ಬರುತ್ತದೆ, ಹಿಂದೆಯೇ ಆನೆಯೂ ಬರುತ್ತದೆ. ಹಾಗಾಗಿ ದಾರಿಗೆ ಕರೆದೊಯ್ಯುವ ನಾಯಿಯನ್ನು ಮರಿಯಿಂದಲೇ ನೋಡಿ ಆರಿಸುತ್ತಾರೆ. ಅದು ಬಿಡುಬೀಸಾಗಿ ಮುಂದೆ ಹೋಗುತ್ತದೆ, ಪ್ರತಿ ತಿರುವಿನಲ್ಲೂ ಮೂಸಿ ನೋಡುತ್ತದೆ. ವಾಸನೆ ಬಂದರೆ ತುಟಿಪಿಟಿಕ್ಕೆನ್ನದೆ ನಿಂತುಬಿಡುತ್ತದೆ. ಅದು ನಿಂತರೆ ಹಿಂದಿದ್ದವರೂ ನಿಲ್ಲುತ್ತಾರೆ. ಅದು ಹೆಜ್ಜೆ ಕಿತ್ತರೆ ಇವರೂ ಹೊರಡುತ್ತಾರೆ. ನಾನೂ ಬೂದನ ಹಿಂದೆ ಆ ದಾರಿಯಲ್ಲಿ ಎಷ್ಟೋ ಸಲ ಬಂದಿದ್ದೇನೆ, ಜೀವ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದೇನೆ. ಈಗ ಹೇಳಿ, ಬೆಲ್ಟು ಹಾಕಿ ಪಕ್ಕದಲ್ಲಿ ಹಿಡಿದುಕೊಂಡ ನಾಯಿ ತಿರುವಿನ ಆಚೆ ಏನಿದೆ ಎಂದು ಹೇಗೆ ತಿಳಿಸಬೇಕು?

ಕಳೆದ ಸಂತೆಗೆ ಜಗದಾಂಬ ಬೂದನನ್ನು ಮನೆಯ ಕಂಬಕ್ಕೆ ಕಟ್ಟಿ ಒಬ್ಬಳೇ ಹೊರಟಳು. ತನ್ನೊಬ್ಬಳಿಂದ ಎಲ್ಲರ ಪರವಾನಗಿ ಹೋಗಬಾರದು ಎಂಬುದೇ ಅವಳ ಚಿಂತೆ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು ಹೇಳಿದಳು:

"ದೊಡ್ಡೋರು ಹೇಳವ್ರೆ, ಮೀರದು ಬ್ಯಾಡ ಅಂತ ಕಟ್ಬುಟ್ಟೆ ಕಣಕ್ಕ. ಅದು ಹಗ್ಗನೇ ಕಂಡಿರ್ನಿಲ್ಲ. ಮಂಜು ಬ್ಯಾರೆ ಕವ್ಕಂಡಿತ್ತು. ತಿರುವು ದಾಟ್ತೀನಿ, ಎದುರ್ಗೇ ನಿಂತೈತೆ. ಮೂಟೆ ಎಸ್ದು ದಾರಿ ಪಕ್ಕದ ಬರೆಯಿಂದ ಕೆಳಕ್ಕೆ ಹಾರ್ಬುಟ್ಟೆ."

ಆನೆ ಮೂಟೆಯನ್ನು ತುಳಿದು ತನ್ನ ಪಾಡಿಗೆ ಹೋಯಿತು. ಇವಳು ಕಾಫಿ ಗಿಡಗಳ ಬುಡದಲ್ಲಿ, ಕೂಗಿದರೆ ಆನೆ ತಿರುಗಿ ಬಂದೀತೆಂದು ನರಳಲೂ ಹೆದರಿ, ಜೀಪೊಂದು ಆ ಕಡೆ ಬರುವತನಕ ಬಿದ್ದಿದ್ದಳು. ಇತ್ತ ಸಂತೆಯಲ್ಲಿ ನಾವು, ಜಗದಾಂಬ ಯಾಕೋ ತಡ ಮಾಡಿದಳು ಎಂದುಕೊಂಡು ಅವಳ ಮೇಜಿಗೆ ಬಟ್ಟೆ ಹಾಸಿ ಇಟ್ಟಿದ್ದೆವು. ಅದನ್ನು ನೆನೆದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅವಳು ಗಂಡ ಮಹಾದೇವಯ್ಯನನ್ನು ಮೊದಲು ಕೇಳಿದ್ದು ಒಂದೇ ಮಾತು: "ಬೂದನ್ನ ಬಿಚ್ಚುದ್ರಾ?"

"ಬಿಚ್ಚಿವ್ನಿ, ಸುಮ್ಕೆ ಮಲಿಕ್ಕೊ," ಅಂದ ಅವನು. ಸುಳ್ಳು. ಹೊರಗೆ ಬಂದ ಮೇಲೆ ಆ ಮನುಷ್ಯ ನನ್ನನ್ನೇ ಕೇಳಿದ. "ಬಿಟ್ರೆ ಗಾಡಿಯೋರು ಹಿಡ್ಕಂಡೋಯ್ತಾರೆ. ಕಟ್ಟುದ್ರೆ ದಾರೀಲಿ ನಾವು ಸಾಯ್ಬೇಕು. ಏನ್ ಮಾಡದು ಅಂತ ನೀವೇ ಹೇಳ್ರಕ್ಕ."

ಹೌದಲ್ಲ, ಗಾಡಿಯ ವಿಷಯ ಹೇಳುವುದನ್ನೇ ಮರೆತೆ. ಮುಂದಿನ ಸಂತೆಗೆ ಮೊದಲು ಆ ದಾರಿಯ ಬೆಲ್ಟಿಲ್ಲದ ನಾಯಿಗಳನ್ನೆಲ್ಲ ಹಿಡಿದು ಸಾಗಿಸಲು ಗಾಡಿ ಕಳುಹಿಸುತ್ತೀರಂತೆ. ಗಾಯದ ಮೇಲೆ ಬರೆ ಎಳೆಯುವುದೆಂದರೆ ಇದೇ ಇರಬೇಕು. ಆನೆಯನ್ನು ಸಾಗಿಸಲು ಕೈಲಾಗದವರು ಬೂದನನ್ನು ಸಾಗಿಸಿ ಕರ್ತವ್ಯ ಮುಗಿಸಿಕೊಳ್ಳುತ್ತಿದ್ದೀರಾ?

ನಾಯಿಯೆಂದರೆ ಹೆದರುವವರು ಇದ್ದಾರೆ, ಕಚ್ಚಿಸಿಕೊಂಡ ಮಕ್ಕಳೂ ಇದ್ದಾರೆ. ನಾನು ಅಲ್ಲಗಳೆಯುವುದಿಲ್ಲ. ಪಶುವೈದ್ಯರನ್ನು ಕಳುಹಿಸಿ, ಎಲ್ಲ ನಾಯಿಗಳಿಗೂ ಲಸಿಕೆ ಹಾಕಿಸುತ್ತೇವೆ. ಕಣ ತಲುಪಿದ ಮೇಲೆ ಹಲಸಿನ ಮರದಡಿ ಕಟ್ಟಿ ಅಂದರೆ ಕಟ್ಟುತ್ತೇವೆ, ಬೇಲಿ ಹಾಕಿ ಅಂದರೆ ಕ್ಯಾಸ್ಮಿರ್ ಬೇಲಿಯನ್ನೂ ಹಾಕುತ್ತಾರೆ. ಬೇಡಿಕೆ ಇಷ್ಟೇ: ಬರುವ ದಾರಿಯಲ್ಲಿ ಅವನ್ನು ಬಿಟ್ಟುಬಿಡಿ. ಗಾಡಿಯನ್ನು ಇಂದೇ ನಿಲ್ಲಿಸಿ, ಆದೇಶವನ್ನು ಹಿಂತೆಗೆದುಕೊಳ್ಳಿ.

ಆಗದು ಎನ್ನುವುದಾದರೆ ಇನ್ನೊಂದು ವಿನಂತಿ. ಬರುವ ಸಂತೆಯ ದಿನ ಬೆಳಗ್ಗೆ, ಮಂಜು ಕರಗುವ ಮೊದಲು, ಮಹಾದೇವಯ್ಯನ ಮನೆಯ ಹತ್ತಿರ ದಯಮಾಡಿಸಿ. ಜೀಪು ಬೇಡ. ಹೆಂಗಸರೆಲ್ಲ ಮೂಟೆ ಹೊತ್ತು ಕಾಯುತ್ತಿರುತ್ತಾರೆ, ನಾನೂ ಇರುತ್ತೇನೆ. ಬೂದನ ಜಾಗ ಖಾಲಿಯಿದೆ. ನೀವು ಮುಂದೆ ನಡೆಯಿರಿ. ನೀವು ನಿಂತರೆ ನಾವೂ ನಿಲ್ಲುತ್ತೇವೆ.

ಇಂತಿ,
ಪಕ್ಕದ ಮೇಜಿಗೆ ಸುಮ್ಮನೆ ಬಟ್ಟೆ ಹಾಸಿ ಕಾದ,
ಸೌಟು ಮಾರುವ ಡೊರಿನ್